ಪೂರ್ವದ ಕಣ್ಣು

ನರೋಡಾದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಲೇತ್ ಮಷೀನು ನಡೆಸಿದೆ. ಪ್ರತಿ ಆಯುಧಪೂಜೆಗೂ ಅದರ ಹಣೆಗೆ ಕುಂಕುಮ ಹಚ್ಚಿದೆ. ಗದಗಿನಿಂದ ಬರುವಾಗ ತಂದುಕೊಂಡ ನಂಬಿಕೆ ಅದೊಂದೇ: ಕುಂಕುಮ ಕಾಣದ ಯಂತ್ರ ಹೊಸಿಲು ದಾಟಬಾರದು.

ಮೊಮ್ಮಗಳು ಕೃಪಾ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಒಂದು ಯಂತ್ರ ಮಾಡಿದಳು. ಸೂರ್ಯ ಹೋದತ್ತ ತಾನೇ ಮುಖ ತಿರುಗಿಸುವ ಸೋಲಾರ್ ಹಲಗೆ. ಅದರ ನೆತ್ತಿಯ ಮೇಲೆ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಕಪ್ಪು ಕೊಳವೆ. ತಳದಲ್ಲಿ ಒಂದೊಂದು ಗಾಜಿನ ಕಣ್ಣು. ಯಾವ ಕಣ್ಣಿಗೆ ಬೆಳಕು ಹೆಚ್ಚೋ ಹಲಗೆ ಆ ಕಡೆಗೆ ಹೊರಳುತ್ತಿತ್ತು.

ವಡೋದರಾದ ಕಂಪನಿಯೊಂದು ವಿದ್ಯಾರ್ಥಿಗಳ ಇಂಥ ಮೂರು ಯಂತ್ರಗಳನ್ನು ಆರಿಸಿ, ಒಂದು ವರ್ಷ ತನ್ನ ವರ್ಕ್‌ಶಾಪಿನಲ್ಲಿ ಜಾಗ, ಸಾಮಾನು ಕೊಡುತ್ತಿತ್ತು. ಆರಿಸದಿದ್ದರೆ ಸೂರತ್‌ನ ವಜ್ರದ ಆಫೀಸಿನಲ್ಲಿ ಕೆಲಸಕ್ಕೆ ಸೇರಬೇಕೆಂದು ಅವಳಪ್ಪ, ನನ್ನ ಮಗ ನಿತೇಶ್, ಅವಳಿಗೆ ಮೊದಲೇ ಹೇಳಿಬಿಟ್ಟಿದ್ದ.

ಯಂತ್ರ ತೋರಿಸಲು ವಡೋದರಾಕ್ಕೆ ಹೊರಡುವ ಬೆಳಿಗ್ಗೆ ಅವಳೇ ಎಚ್ಚರಿಸಿದಳು. “ಅಜ್ಜಾ, ಫೂಲ್ ಬ್ಯಾಡ, ಕಾಯಿ ಬ್ಯಾಡ, ಪ್ಲೀಸ್. ಜಡ್ಜ್ ನಗ್ತಾರ.”

“ನಗಲಿ ಬಿಡವಾ. ನಿಮ್ಮ ಜಡ್ಜ್ ಸಾಹೇಬ್ರು ಮಾರೀಗೆ ಏನೂ ಹಚ್ಚಂಗಿಲ್ಲೇನು?”

“ಕ್ರೀಮ್ ಹಚ್ತಾರ,” ಎಂದು ನಕ್ಕು ಚಪ್ಪಲಿ ಹುಡುಕಲು ಹೋದಳು.

ಅಷ್ಟರಲ್ಲಿ ಪೂರ್ವದ ಕೊಳವೆಯ ಅಂಚಿಗೆ ಒಂದು ಚಿಟಿಕೆ ಕುಂಕುಮ ಇಟ್ಟೆ. ಹೂವಿಲ್ಲ, ಕಾಯಿಲ್ಲ. ಅವಳ ಮಾತು ಮೀರಲಿಲ್ಲ ಎಂದುಕೊಂಡೆ.

ರೈಲಿನುದ್ದಕ್ಕೂ ಯಂತ್ರದ ಪೆಟ್ಟಿಗೆ ನನ್ನ ತೊಡೆಯ ಮೇಲೆಯೇ ಕುಲುಕುತ್ತಿತ್ತು.

ಕಂಪನಿಯ ಅಂಗಳದಲ್ಲಿ ಹತ್ತು ಗಂಟೆಯ ಬಿಸಿಲು. ಕೃಪಾ ಗುಂಡಿ ಒತ್ತಿದಳು. ಹಲಗೆ ನಿಧಾನವಾಗಿ ಸೂರ್ಯನಿಗೆ ಬೆನ್ನು ಹಾಕಿ ಪಶ್ಚಿಮದ ಗೋಡೆಯನ್ನು ನೋಡುತ್ತ ನಿಂತಿತು.

“ಬೇಟಾ, ಸೂರಜ್ ಇಧರ್ ಹೈ,” ಎಂದು ಜಡ್ಜ್ ಒಬ್ಬರು ಸೂರ್ಯನತ್ತ ಕೈ ತೋರಿಸಿದರು. ಸುತ್ತಲಿದ್ದವರು ನಕ್ಕರು. ಅವಳು ಲ್ಯಾಪ್‌ಟಾಪಿನಲ್ಲಿ ತಪ್ಪು ಹುಡುಕುತ್ತಲೇ ಇದ್ದಳು. ಕೊಟ್ಟಿದ್ದ ಹತ್ತು ನಿಮಿಷ ಮುಗಿಯಿತು.

ಮನೆಗೆ ಬಂದು ಒರೆಸೋಣವೆಂದು ಯಂತ್ರವನ್ನು ಬೋರಲು ಹಾಕಿದೆ. ಪೂರ್ವದ ಕೊಳವೆಯಿಂದ ನನ್ನ ಅಂಗೈಗೆ ಕೆಂಪು ಪುಡಿ ಉದುರಿತು. ಯಾರೂ ನೋಡಿರಲಿಲ್ಲ. ಕೈ ತೊಳೆದುಕೊಂಡೆ.

ಎರಡು ದಿನ ಮುಚ್ಚಿಟ್ಟೆ. ಮೂರನೆಯ ದಿನ ಹೇಳಿದೆ. ಕೃಪಾ ಪೂರ್ವದ ಕೊಳವೆಯೊಳಗೆ ಇಣುಕಿ ನೋಡಿದಳು. ಆಮೇಲೆ, ಕಣ್ಣಿನ ಮೇಲೆ ಪುಡಿ ಬಿದ್ದಿತ್ತು, ಇನ್ನೊಂದು ಅವಕಾಶ ಕೊಡಿ ಎಂದು ಕಂಪನಿಗೆ ಬರೆದಳು.

ಎಂಟು ದಿನಕ್ಕೆ ಉತ್ತರ ಬಂತು. ನನಗೆ ಬಿಡಿಸಿ ಹೇಳಿದಳು. “ಚಿಟಿಕಿ ಪುಡಿಗೆ ದಿಕ್ಕು ತಪ್ಪೋ ಮಷೀನು ಕಚ್ಛ್‌ನ ಧೂಳಿನಾಗ ಹೆಂಗ ನಡೀತದ ಅಂತ ಕೇಳ್ಯಾರ.”

“ಅಜ್ಜನ ತಪ್ಪು ಅಂತ ಬರೀಬೇಕಿತ್ತವಾ.”

“ಅದನ್ನೂ ಬರೆದಿದ್ದೆ ಅಜ್ಜಾ. ಆದ್ರ ಅವರು ಸರಿಯಾಗೇ ಕೇಳ್ಯಾರ. ಮುಚ್ಚಳ ನಾನೇ ಮಾಡಬೇಕಿತ್ತು. ಆ ಒಂದು ವರ್ಷ ಸಿಕ್ಕಿದ್ರ ಮಾಡ್ತಿದ್ದೆ.”



ಜೂನಿನಲ್ಲಿ ಸೂರತ್‌ಗೆ ಹೋದಳು. ಅವಳು ಕೂರುವ ಕೋಣೆಗೆ ಕಿಟಕಿಯಿಲ್ಲವಂತೆ. ವಜ್ರ ನೋಡುವುದು ದೀಪದ ಬೆಳಕಿನಲ್ಲಿ.

ನಾನು ನನ್ನ ಹಳೆಯ ಕನ್ನಡಕದ ಎರಡೂ ಗಾಜುಗಳನ್ನು ಸಾಣೆಕಲ್ಲಿನ ಮೇಲೆ ತೇಯ್ದು ಆ ಕೊಳವೆಗಳ ಬಾಯಿಗೆ ಮುಚ್ಚಳವಾಗಿ ಕೂರಿಸಿದೆ. ನಾಲ್ಕು ದಿನ ಹಿಡಿಯಿತು. ಈಗ ತಾರಸಿಯ ಮೇಲೆ ಹಲಗೆ ಬೆಳಿಗ್ಗೆಯಿಂದ ಸಂಜೆಯವರೆಗೆ ಸೂರ್ಯನ ಹಿಂದೆಯೇ ತಿರುಗುತ್ತದೆ. ಅದು ಹುಟ್ಟಿಸುವ ಕರೆಂಟಿನ ತಂತಿಯನ್ನು ಯಾವುದಕ್ಕೂ ಜೋಡಿಸಿಲ್ಲ.