ಒಂದು ಚಿಟಿಕೆ ಮಿಶ್ರಿ

ಹಳಿಯಾಳದಿಂದ ಮೊದಲ ಬಸ್ಸಿಗೆ ಬಂದಿಳಿದು ಡೆಂಟಲ್ ಕಾಲೇಜಿನ ಗೇಟಿನ ಮುಂದೆ ನಿಂತಾಗ ಅವ್ವ ಸೆರಗಿನ ಗಂಟಿನಿಂದ ಡಬ್ಬಿ ತೆಗೆದಳು. ಅದರಲ್ಲಿದ್ದದ್ದು ಮಿಶ್ರಿ, ನಮ್ಮ ಕಡೆಯ ಹೆಂಗಸರು ಹಲ್ಲಿಗೆ ತಿಕ್ಕುವ ಸುಟ್ಟ ತಂಬಾಕಿನ ಪುಡಿ.

"ಹಲ್ಲಿನ ಡಾಕ್ಟರ ಮುಂದ ನಿಂದ್ರಾಕಿ ನೀ. ಹಲ್ಲು ಗಟ್ಟಿ ಕಾಣಬ್ಯಾಡೇನು? ಬಾಯಿ ತಗಿ, ಎಲಿಜಬೆತ್."

ನಾನು ಅದನ್ನು ಎಂದೂ ಮುಟ್ಟಿದವಳಲ್ಲ. ಬೇಡವೆಂದರೂ ಕೇಳದೆ ಅವಳೇ ನನ್ನ ಒಸಡಿಗೆಲ್ಲ ತಿಕ್ಕಿದಳು. ತುಟಿ, ನಾಲಿಗೆ ಜೋಮು ಹಿಡಿದವು.

ನಮ್ಮ ಸಿದ್ದಿ ಕೇರಿಯಲ್ಲಿ ಪಿಯುಸಿ ಪಾಸಾದವಳು ನಾನೊಬ್ಬಳೇ. ಈ ಕಾಲೇಜಿನಲ್ಲಿ ಹಲ್ಲು ಸ್ವಚ್ಛ ಮಾಡುವ ಕೆಲಸ ಕಲಿಸುವ ಡಿಪ್ಲೊಮಾಕ್ಕೆ ಅರ್ಜಿ ಹಾಕಿದ್ದೆ; ಅಂಕ ಸಾಕಷ್ಟಿದ್ದವು, ವಯಸ್ಸೂ ಸರಿಯಿತ್ತು. ಉಳಿದದ್ದು ದೇಹಪರೀಕ್ಷೆ. ಡಾಕ್ಟರು ನನ್ನ ಬಾಯಿ ತೆಗೆಸಿ, ಬೆರಳಿಗೆ ಹತ್ತಿದ ಕಪ್ಪನ್ನು ಮೂಸಿ, ಪಕ್ಕದವರಿಗೆ ತೋರಿಸಿದರು. ಇಬ್ಬರೂ ನಕ್ಕರು.

"ಈ ವಯಸ್ಸಿಗೇ ತಂಬಾಕಿನ ಚಟ ಏನವಾ? ನಿನಗ ಸೀಟು ಕೊಟ್ಟರ ಮಂದಿ ಹಲ್ಲಿನ ಗತಿ ಏನು? ಹೋಗು, ಬ್ಯಾರೆ ಏನಾರ ಕಲಿ."

ಇವತ್ತೇ ಮೊದಲು, ಅವ್ವ ಹಚ್ಚಿದ್ದು ಎನ್ನಬಹುದಿತ್ತು. ಅಂದಿದ್ದರೆ ಹೊರಗೆ ಬೆಂಚಿನ ಮೇಲೆ ಕೂತಿದ್ದ ಅವಳನ್ನೂ ಕರೆಸಿ ನಗುತ್ತಿದ್ದರು. ಎದ್ದು ಬಂದೆ. ಅಳುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ.

"ಹಲ್ಲು ನೋಡಿದರೇನು?" ಅವ್ವ ಕೇಳಿದಳು.

"ನೋಡಿದರು."

"ಏನಂದರು?"

"ಗಟ್ಟಿ ಅದಾವಂತ."

"ನಾ ಹೇಳಿದ್ದಿಲ್ಲೇನು?" ಎಂದು ಅವಳು ಕಪ್ಪು ಹಲ್ಲೆಲ್ಲ ಕಾಣುವ ಹಾಗೆ ನಕ್ಕಳು.

ಊರ ಬಸ್ಸು ಅರ್ಧ ದಾರಿ ಸಾಗುವಷ್ಟರಲ್ಲಿ ಬಾಯಿಯ ಜೋಮು ಇಳಿಯತೊಡಗಿತು, ಆ ಇಬ್ಬರ ನಗು ಕಿವಿಯಲ್ಲಿ ಏಳತೊಡಗಿತು. ನಾನೇ ಕೈ ಚಾಚಿ ಡಬ್ಬಿ ಕೇಳಿದೆ.