ಬಿಷಪ್ಪರ ಗಿಳಿಜೋಡು

"ಕೋಳಿ ಸಾರು ಕೇಳಿದ್ರು!" ಬಿಷಪ್ಪರ ಮನೆವಾರ್ತೆ ನೋಡಿಕೊಳ್ಳುವ ಲಾಪೊ ಬಾಗಿಲಲ್ಲೇ ನಿಂತು ಏದುಸಿರು ಬಿಟ್ಟ. "ಎದ್ದು ಕೂತು, ಉಪವಾಸದ ಕಾಲ ಅನ್ನೋದನ್ನೂ ನೋಡ್ದೆ, ಎರಡು ಬಟ್ಟಲು ಕುಡಿದ್ರು ಕಣಮ್ಮಾ!"

ಕಾಲಿನ ಜೋಡು ಹೊಲಿಯುವ ದಿಯಾಲ್ತಾಳ ಸೂಜಿ ರೇಷ್ಮೆಯಲ್ಲಿ ಹಾಗೇ ನಿಂತಿತು. ಸಾಯಲು ಮಲಗಿದ್ದವರು ಎದ್ದು ಕುಳಿತರೆಂದರೆ ಸಂತೋಷಪಡಬೇಕು, ಪಟ್ಟಳು ಕೂಡ. ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ಆಮೇಲೆ ಮಡಿಲಲ್ಲಿದ್ದ ಜೋಡಿನ ಮೇಲೆ ಕಣ್ಣು ಬಿತ್ತು.

ನಾಲ್ಕು ದಿನದ ಹಿಂದೆ ಇದೇ ಲಾಪೊ ಮೂಗೊರೆಸಿಕೊಳ್ಳುತ್ತ ಬಂದು, ಬಿಷಪ್ಪರು ಶನಿವಾರ ದಾಟುವುದಿಲ್ಲವೆಂದೂ, ಮಣ್ಣಿಗೆ ಇಡುವಾಗ ಹಾಕಲು ರೇಷ್ಮೆ ಜೋಡು ಬೇಕೆಂದೂ ಹೇಳಿ ಹೋಗಿದ್ದ. ರೇಷ್ಮೆ ನೇಯುವವರ ಊರಾದ ಲುಕ್ಕಾದಲ್ಲಿ ಹುಟ್ಟಿದವಳಿಗೆ ಬಟ್ಟೆಯ ಮೇಲಿನ ಗಿಳಿಯನ್ನು ಯಾವ ಕಡೆಗೆ ಕತ್ತರಿಸಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ನಡೆಯುವವರ ಜೋಡಿನಲ್ಲಿ ಗಿಳಿಯ ತಲೆ ಕಣಕಾಲಿನ ಕಡೆಗಿರುತ್ತದೆ. ಎದುರಿಗೆ ನಿಂತವರಿಗೆ ಅದು ನೆಟ್ಟಗೆ ಕಾಣಬೇಕು. ಮಲಗಿದವರದು ಬೇರೆ. ಅವರ ಬೆರಳು ಮೇಲೆ, ಹಿಮ್ಮಡಿ ಕೆಳಗೆ. ಗಿಳಿಯ ತಲೆ ಬೆರಳಿನ ಕಡೆಗಿದ್ದರೇನೇ ಪಕ್ಕದಲ್ಲಿ ನಿಂತು ಅಳುವವರಿಗೆ ನೆಟ್ಟಗೆ ಕಾಣುವುದು. ದಿಯಾಲ್ತಾ ಮಲಗಿದವರ ಜೋಡನ್ನೇ ಕತ್ತರಿಸಿದ್ದಳು.

"ಈಸ್ಟರ್ ಪೂಜೆಗೆ ಇದನ್ನೇ ಹಾಕ್ಕೋತಾರಂತೆ," ಅಂದ ಲಾಪೊ.

"ಇದನ್ನಾ? ಅಯ್ಯೋ, ಹಳೇ ಜೋಡು ಏನಾಯ್ತು?"

ಲಾಪೊ ಸೂರು ನೋಡಿದ. "ನೆನಪಿಗೆ ಇರ್ಲಿ ಅಂತ ಯಾರೋ ಪಾದ್ರಿಗಳು ಆಗ್ಲೇ ತಗೊಂಡು ಹೋಗಿದ್ದಾರೆ. ಈಗ ಕೇಳಿದ್ರೆ ಒಬ್ರೂ ಬಾಯಿ ಬಿಡ್ತಿಲ್ಲ."

"ನಾಲ್ಕು ದಿನ ಕೊಡಿ, ಬೇರೆ ಹೊಲೀತೀನಿ."

"ಬಟ್ಟೆ ಎಲ್ಲಿದೆ?"

ಬಟ್ಟೆ ಇರಲಿಲ್ಲ. ಕಪ್ಪು ಸಮುದ್ರದಾಚೆಯಿಂದ ಜಿನೋವಾದ ಹಡಗಿನಲ್ಲಿ ಬಂದ ಆ ನೂಲು ಇದೇ ಬೀದಿಯಲ್ಲಿ ಹುರಿಗೊಂಡು, ಬಣ್ಣ ಕುಡಿದು, ಎದುರು ಮನೆಯ ಮಗ್ಗದಲ್ಲಿ ಒಂದು ವರ್ಷ ಕೂತು ಬಿಷಪ್ಪರ ನಿಲುವಂಗಿಯಾಗಿತ್ತು. ಉಳಿದ ಎರಡು ಗೇಣು ಈ ಜೋಡಾಗಿತ್ತು. ಗಿಳಿಯ ಚಿತ್ತಾರ ಮೂಡಿಸುವ ದಾರದ ಕಟ್ಟನ್ನು ನೇಕಾರ ಮಗ್ಗದಿಂದ ಬಿಚ್ಚಿ ಆರು ತಿಂಗಳಾಗಿ, ಈಗ ಅದೇ ಮಗ್ಗದಲ್ಲಿ ಸಿಂಹಗಳು ಏಳುತ್ತಿದ್ದವು.

ಲಾಪೊ ಜೋಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟೇಹೋದ. ದಿಯಾಲ್ತಾ ಖಾಲಿ ಮಡಿಲಿನಿಂದ ನೂಲಿನ ಚೂರು ಕೊಡವಿದಳು. ಗಂಡ ತೀರಿಕೊಂಡ ಮೇಲೆ ಅಂಗಡಿ ನಡೆಸಲು ಜೋಡು ಹೊಲಿಯುವವರ ಸಂಘ ಅವಳಿಗೆ ಒಂದು ವರ್ಷದ ಅವಕಾಶ ಕೊಟ್ಟಿತ್ತು. ಆ ವರ್ಷ ಈಸ್ಟರಿನ ಮಾರನೆಯ ದಿನಕ್ಕೆ ಮುಗಿಯುತ್ತಿತ್ತು. ಆಮೇಲೆ ಬಾಗಿಲು ತೆರೆದಿರಬೇಕೋ ಮುಚ್ಚಬೇಕೋ ಎಂದು ಹೇಳುವವನು ಸಂಘದ ಹಿರಿಯ ಪುಚ್ಚೀನೊ. ಪುಚ್ಚೀನೊಗೆ ಒಬ್ಬ ಅಳಿಯನಿದ್ದ; ಅಳಿಯನಿಗೆ ಅಂಗಡಿಯಿರಲಿಲ್ಲ.

ಈಸ್ಟರ್ ದಿನ ಬಿಷಪ್ಪರು ಮೆರವಣಿಗೆಯಲ್ಲಿ ಚೌಕ ಪೂರ್ತಿ ಸುತ್ತಿ ದೊಡ್ಡ ಇಗರ್ಜಿಯೊಳಗೆ ಬಂದರು. ಬೇರೆ ಊರಾಗಿದ್ದರೆ ಅವರ ಕಾಲನ್ನು ಯಾರೂ ನೋಡುತ್ತಿರಲಿಲ್ಲ. ಲುಕ್ಕಾದವರು ಮೊದಲು ಬಟ್ಟೆ ನೋಡುತ್ತಾರೆ, ಆಮೇಲೆ ಮುಖ. ಬಣ್ಣ ಹಾಕುವವನೊಬ್ಬ ಪಕ್ಕದವನ ಪಕ್ಕೆ ತಿವಿದ.

"ಗಿಳಿ ತಲೆಕೆಳಗಾಗಿದೆ ನೋಡೋ!"

"ಅದು ಹೆಣದ ಜೋಡಲ್ವೇನೋ?"

"ಹೆಣ ಚೆನ್ನಾಗೇ ನಡೀತಿದೆಯಲ್ಲಪ್ಪಾ!"

ಪಿಸುಮಾತು ಸಾಲಿನಿಂದ ಸಾಲಿಗೆ ಹರಿಯಿತು. ನೇಕಾರರು ಕೆಮ್ಮಿದಂತೆ ಮಾಡಿ ನಕ್ಕರು. ಕಂಬದ ಮರೆಯಲ್ಲಿದ್ದ ದಿಯಾಲ್ತಾಳಿಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಪೂಜೆ ಮುಗಿಯುತ್ತಲೇ ಕರೆ ಬಂತು. ಬಿಷಪ್ಪರು ಕುರ್ಚಿಯಲ್ಲಿ ಕುಳಿತು, ಕಾಲು ಚಾಚಿ, ಗಿಳಿಗಳನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ಪುಚ್ಚೀನೊ ಆಗಲೇ ಅಂಗಡಿಯ ಬೀಗದ ಕೈ ಸಿಕ್ಕವನಂತೆ ನಿಂತಿದ್ದ.

"ಇಪ್ಪತ್ತು ವರ್ಷದಿಂದ ರೇಷ್ಮೆ ಜೋಡು ಹಾಕ್ತಿದ್ದೀನಿ," ಅಂದರು ಬಿಷಪ್ಪರು. "ಒಂದು ಗಿಳಿಯಾದ್ರೂ ನನಗೆ ನೆಟ್ಟಗೆ ಕಂಡಿರ್ಲಿಲ್ಲ. ಇವತ್ತು ಕಂಡ್ವು. ನಾನು ನೋಡ್ಲಿ ಅಂತಲೇ ಹೀಗೆ ಮಾಡಿದ್ಯೇನಮ್ಮಾ?"

ಹೌದು ಅಂದಿದ್ದರೆ ಸಾಕಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ನಲವತ್ತು ವರ್ಷ ಕತ್ತರಿ ಹಿಡಿದ ಕೈ ಸುಳ್ಳು ಹೇಳಲು ಬಿಡಲಿಲ್ಲ.

"ಇಲ್ಲ ಬುದ್ಧಿ. ಮಲಗಿದೋರಿಗೆ ಅಂತ ಕತ್ತರಿಸಿದ್ದು."

"ಗೊತ್ತು. ನಾನೂ ನೇಕಾರನ ಮಗನೇ. ಯಾವತ್ತಿಗೆ ಒಪ್ಪಿಸ್ಬೇಕಿತ್ತು?"

"ಶನಿವಾರಕ್ಕೆ, ಬುದ್ಧಿ."

"ತಡ ಆಗಿದ್ರೆ?"

"ನನ್ನಿಂದ ಯಾವತ್ತೂ ತಡ ಆಗಿಲ್ಲ. ಈ ಸಲ ತಡ ಆಗಿದ್ದು ತಮ್ಮ ಕಡೆಯಿಂದ."

ಹೇಳಿದ ಮೇಲೆ ದಿಯಾಲ್ತಾ ನಾಲಿಗೆ ಕಚ್ಚಿಕೊಂಡಳು. ಬಿಷಪ್ಪರು ಎಷ್ಟು ನಕ್ಕರೆಂದರೆ ಕೆಮ್ಮು ಹತ್ತಿ, ಈಸ್ಟರ್ ದಿನವೇ ಹೋಗಿಬಿಡುತ್ತಾರೇನೋ ಎಂದು ಲಾಪೊ ನೀರಿಗೆ ಓಡಿದ.

"ಹುಷಾರು ಬುದ್ಧಿ," ಪುಚ್ಚೀನೊ ಬಾಗಿ ಹೇಳಿದ. "ಮಲಗಿದೋರ ಜೋಡಿಗೆ ಅಟ್ಟೇನ ಹಿಟ್ಟಿನ ಅಂಟಲ್ಲಿ ಅಂಟಿಸಿರ್ತಾರೆ. ಕಿತ್ತು ಬಂದು ತಾವು ಬಿದ್ದುಗಿದ್ದೀರಿ."

ಬಿಷಪ್ಪರು ಒಂದು ಕಾಲನ್ನು ಎತ್ತಿ ಮೊಣಕಾಲಿನ ಮೇಲಿಟ್ಟುಕೊಂಡು ಅಟ್ಟೆ ತಿರುಗಿಸಿ ನೋಡಿದರು. ಸುತ್ತಲೂ ಎರಡೆಳೆ ಹೊಲಿಗೆಯಿತ್ತು. ಚೌಕ ಸುತ್ತಿ ಬಂದರೂ ಒಂದೆಳೆ ಜಗ್ಗಿರಲಿಲ್ಲ.

"ಹಿಂದಿನ ಬಿಷಪ್ಪರ ಹೆಣಕ್ಕೆ ನಾನೂ ಹೆಗಲು ಕೊಟ್ಟಿದ್ದೆ," ಅಂದರು. "ಬಾಗಿಲು ದಾಟೋವಾಗ ಅವರ ಅಟ್ಟೆ ಕಿತ್ತು ಬಂದು ನನ್ನ ತಲೆ ಮೇಲೆ ಬಿತ್ತು. ಅದು ಯಾರ ಕೆಲಸ, ಪುಚ್ಚೀನೊ?"

ಪುಚ್ಚೀನೊ ಗೋಡೆಯ ಮೇಲಿನ ಸಂತರ ಚಿತ್ರವನ್ನು ಬಹಳ ಭಕ್ತಿಯಿಂದ ನೋಡತೊಡಗಿದ.

"ನೀನ್ಯಾಕಮ್ಮಾ ಹೊಲಿದೆ? ಹೆಣದ ಅಟ್ಟೆ ಯಾರು ತಿರುಗಿಸಿ ನೋಡ್ತಾರೆ?"

"ಕೊನೇ ದಿನ ಸತ್ತೋರೆಲ್ಲಾ ಎದ್ದು ನಡೀತಾರೆ ಅಂತ ಪ್ರತಿ ಈಸ್ಟರ್‌ಗೂ ತಾವೇ ಹೇಳ್ತೀರಲ್ಲ ಬುದ್ಧಿ. ಆವತ್ತು ಅಟ್ಟೆ ಬಿಟ್ಕೊಂಡ್ರೆ ಹೊಲಿಸೋಕೆ ಎಲ್ಲಿಗೆ ಹೋಗ್ತಾರೆ?"

ಬಿಷಪ್ಪರು ನಗಲಿಲ್ಲ.  ಇಪ್ಪತ್ತು ವರ್ಷ ತಾವು ಹೇಳಿದ್ದನ್ನು ಇಷ್ಟು ನಂಬಿದವರನ್ನು ಅವರು ಕಂಡಂತಿರಲಿಲ್ಲ.

"ನಾಳೆ ನಿಮ್ಮ ಸಭೆ ಅಲ್ವಾ, ಪುಚ್ಚೀನೊ?"

"ಹೌದು ಬುದ್ಧಿ. ಈಯಮ್ಮನ ಅಂಗಡಿ ವಿಷಯ ಮಾತಾಡೋಕೇನಿದೆ? ಬಾಗಿಲು ತೆರೆದೇ ಇರುತ್ತೆ," ಅಂದ ಪುಚ್ಚೀನೊ, ಸಂತರ ಕಡೆಯೇ ನೋಡುತ್ತ.

ದಿಯಾಲ್ತಾಳಿಗೆ ಗಂಡ ನೆನಪಾದ. ಎರಡೆಳೆ ಹೊಲಿಗೆ ಅವನು ಕಲಿಸಿದ್ದು. ಕಣ್ಣು ತುಂಬಿ ಬಂದು ಸೆರಗಿನಂತೆ ಇಳಿದಿದ್ದ ತಲೆವಸ್ತ್ರದ ತುದಿಯಲ್ಲಿ ಒರೆಸಿಕೊಂಡಳು.

ಅಷ್ಟರಲ್ಲಿ ಲಾಪೊ ನೀರಿನ ಜೊತೆಗೆ ಮರದ ಪೆಟ್ಟಿಗೆಯನ್ನೂ ತಂದಿದ್ದ. "ಕಾಲು ಕೊಡಿ ಬುದ್ಧಿ, ಬಿಚ್ತೀನಿ. ಜೋಪಾನವಾಗಿ ಇಟ್ಟಿರ್ತೀನಿ, ಆಮೇಲೆ... ಬೇಕಾದಾಗ..."

ಬಿಷಪ್ಪರು ಎರಡೂ ಕಾಲನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡರು. ನಿಲುವಂಗಿಯ ಅಂಚಿನ ಕೆಳಗಿನಿಂದ ಎರಡು ಹಸಿರು ಗಿಳಿಗಳ ತಲೆಗಳು ಮಾತ್ರ ಹೊರಗೆ ಇಣುಕುತ್ತಿದ್ದವು.