ಪೂರ್ತಿ ಇಲ್ಲ, ಇವತ್ತಿಗೆ ಸಾಕು

ಕೆನಡಾದ ವಿನಿಪೆಗ್‌ನ ಗ್ರಂಥಾಲಯದಲ್ಲಿ ಫೋನಿನ ಮುಂದೆ ಕೂತು ಕೂತೇ ಡೇರಿಯಾಗೆ ಐವತ್ತು ದಾಟಿತ್ತು. ಊರವರು ಫೋನು ಮಾಡಿ ಏನು ಬೇಕಾದರೂ ಕೇಳಬಹುದಿತ್ತು. ಹುಡುಕಿ ಹೇಳುವುದು ಅವಳ ಕೆಲಸ. ಕೇಳಿದವರ ಹೆಸರು ಕೇಳುವಂತಿಲ್ಲ, ಅದು ಅಲ್ಲಿನ ಕಟ್ಟುಪಾಡು. ಕೊನೆಯಲ್ಲಿ ಮಾತ್ರ ತಪ್ಪದೆ ಕೇಳಬೇಕು: "ಕೇಳಿದ್ದಕ್ಕೆ ಪೂರ್ತಿ ಉತ್ತರ ಸಿಕ್ತಾ?"

ಎಲ್ಲರೂ ಹೂಂ ಎಂದು ಇಟ್ಟುಬಿಡುತ್ತಿದ್ದರು. ಒಬ್ಬ ಮಾತ್ರ, "ಪೂರ್ತಿ ಇಲ್ಲ. ಇವತ್ತಿಗೆ ಸಾಕು," ಅನ್ನುತ್ತಿದ್ದ. ನದಿಯ ಮಂಜುಗಡ್ಡೆ ಯಾವಾಗ ಒಡೆಯುತ್ತೆ, ಜೋಡಿ ಸತ್ತುಹೋದ ಹೆಬ್ಬಾತು ಮತ್ತೆ ಇನ್ನೊಂದರ ಜೊತೆಯಾಗುತ್ತಾ, ಇಂಥವೇ ಅವನ ಪ್ರಶ್ನೆಗಳು. "ಆಗುತ್ತೆ, ಸ್ವಲ್ಪ ತಡವಾಗಿ," ಎಂದು ಓದಿ ಹೇಳಿದ ದಿನ ಡೇರಿಯಾಳ ಕೆನ್ನೆ ಬಿಸಿಯಾಗಿತ್ತು.

ಆಮೇಲೆ ಊರು ಸ್ಮಾರ್ಟ್ ಆಯಿತು. ಬಸ್ ನಿಲ್ದಾಣಗಳಲ್ಲಿ ಮಾತಾಡುವ ಪರದೆಗಳು ಬಂದವು, ಫೋನು ಹೋಯಿತು. ಪರದೆಗೆ ತಿಳಿಯದ ಪ್ರಶ್ನೆಗಳು ಅಕ್ಷರವಾಗಿ ಡೇರಿಯಾಳ ಮೇಜಿಗೆ ಬರುತ್ತಿದ್ದವು. ಅವಳು ಉತ್ತರ ಬರೆದು ತುಂಬಬೇಕು; ಮುಂದೆ ಯಾರಾದರೂ ಅದನ್ನೇ ಕೇಳಿದರೆ ಪರದೆ ಹೇಳುತ್ತಿತ್ತು. ದನಿಯಿಲ್ಲದ ಆ ಸಾಲುಗಳಲ್ಲಿ ಅವಳು ಅವನನ್ನೇ ಹುಡುಕುತ್ತಿದ್ದಳು.

"ಅಕ್ಕಾ, ಊರಿಗೆಲ್ಲ ಹುಡುಕಿಕೊಡೋಳು ನೀನು. ನಿನಗೆ ಆ ಒಬ್ಬ ಗಂಡಸು ಸಿಗಲ್ವಾ?" ಪಕ್ಕದ ಮೇಜಿನ ಲೂಜ್ ಛೇಡಿಸಿದಳು.

"ಹೆಸರು ಗೊತ್ತಿದ್ರೆ ತಾನೆ. ಕೇಳೋ ಹಾಗಿರಲಿಲ್ವಲ್ಲೇ."

"ನಿನ್ನ ಹೆಸರು ಹೇಳಬಹುದಿತ್ತಲ್ಲ. ಅದಕ್ಕೂ ಕಟ್ಟುಪಾಡಾ?"

ಡೇರಿಯಾಗೆ ಇಷ್ಟು ವರ್ಷ ಇದು ಹೊಳೆದೇ ಇರಲಿಲ್ಲ.

ಚಳಿ ಶುರುವಾಗುವ ಹೊತ್ತಿಗೆ, ಪರದೆ ಉತ್ತರ ಕೊಟ್ಟಮೇಲೆ ಏನನ್ನಬೇಕು ಎಂದು ನಗರಸಭೆಯವರು ಗ್ರಂಥಾಲಯವನ್ನೇ ಕೇಳಿದರು. 'ಪೂರ್ತಿ ಉತ್ತರ ಸಿಕ್ತಾ?' ಎಂಬ ತನ್ನ ಹಳೆಯ ಮಾತನ್ನೇ ಡೇರಿಯಾ ಬರೆದುಕೊಟ್ಟಳು. ಊರಿನ ನಿಲ್ದಾಣಗಳೆಲ್ಲ ಬೇರೆ ಯಾರದೋ ದನಿಯಲ್ಲಿ ಅದನ್ನು ಕೇಳತೊಡಗಿದವು.

ಹಿಮ ಬಿದ್ದ ಒಂದು ಬೆಳಿಗ್ಗೆ, ಪರದೆಗೆ ತಿಳಿಯದ ಪ್ರಶ್ನೆಯೊಂದು ಬಂತು:

'ಪೂರ್ತಿ ಇಲ್ಲ. ಇವತ್ತಿಗೆ ಸಾಕು. ಮೊದಲು ಇದನ್ನ ಕೇಳ್ತಿದ್ದವರು ಎಲ್ಲಿದ್ದಾರೆ?'

ಡೇರಿಯಾ ಮೇಜಿನ ಅಂಚು ಹಿಡಿದು ಕೂತಳು. ಆಮೇಲೆ ಬರೆದಳು: 'ಗ್ರಂಥಾಲಯದ ಎರಡನೇ ಮಹಡಿ, ಕಿಟಕಿ ಪಕ್ಕದ ಮೇಜು. ಹೆಸರು ಡೇರಿಯಾ.'

ಲೂಜ್ ಬಗ್ಗಿ ಓದಿದಳು. "ಊರೆಲ್ಲ ಬಂದು ನಿಂತರೆ?"

"ಕೇಳಿದವರಿಗೆ ಮಾತ್ರ ಹೇಳುತ್ತೆ ಕಣೇ ಅದು."

ಅವನೂ ಇನ್ನೊಂದು ಸಲ ಕೇಳಿದರೇ ಅದು ಹೇಳುವುದು. ಒಮ್ಮೆ ಕೇಳಿ ಉತ್ತರ ಸಿಗದವನು ಮತ್ತೆ ಕೇಳುತ್ತಾನೆಯೇ? ಯಾವ ಪುಸ್ತಕದಲ್ಲಿ ಹುಡುಕಬೇಕೋ ಡೇರಿಯಾಗೆ ತಿಳಿಯಲಿಲ್ಲ. ಕುರ್ಚಿಯನ್ನು ಲಿಫ್ಟಿನ ಕಡೆಗೆ ತಿರುಗಿಸಿಕೊಂಡು, ಮುಂದಿನ ಪ್ರಶ್ನೆ ತೆರೆದಳು. ಬಾಗಿಲು ಸರಿದಾಗಲೆಲ್ಲ ತಲೆ ತಾನಾಗಿಯೇ ಮೇಲೇಳುತ್ತಿತ್ತು.